ಅವಳದ್ದಲ್ಲದ ಷರಾ

ಶಾಲೆಯಲ್ಲಿ ಆಕೆಗೆ ‘ಷರಾ ಮೇಡಂ’ ಎಂದೇ ಹೆಸರು. ಅಂಕಪಟ್ಟಿಯ ಕೊನೆಗೆ ಪ್ರತಿ ಮಗುವಿನ ಬಗ್ಗೆ ಬರೆಯಬೇಕಾದ ಷರಾಕ್ಕೆ ಊಟದ ತಟ್ಟೆಯ ಮುಂದೆಯೂ ತಲೆ ಕೆಡಿಸಿಕೊಳ್ಳುತ್ತಿದ್ದರು. “ಗಂಡನ ಬಗ್ಗೆ ಯಾವತ್ತಾದ್ರೂ ಇಷ್ಟು ಯೋಚಿಸಿದೀಯೇನೇ?” ಎಂದು ಅತ್ತೆ ನಗುತ್ತಿದ್ದರು.

ಈ ವರ್ಷ ಷರಾ ಬರೆಯಲು ಕೃತಕ ಬುದ್ಧಿಮತ್ತೆ ಬಂತು. ಕೆಲಸ ಹಗುರವಾಯಿತಲ್ಲ ಎಂದು ಇದ್ದ ಎರಡರ ಜೊತೆ ಆಕೆಯ ತಲೆಗೆ ಇನ್ನೂ ಮೂರು ತರಗತಿ ಕಟ್ಟಿದರು. ತರಬೇತಿಯಲ್ಲಿ ಉಳಿದವರು ಗೊಣಗುತ್ತಿದ್ದರೆ ಆಕೆ ಶ್ರದ್ಧೆಯಿಂದ ಕಲಿತರು. ಮಗುವಿನ ಹೆಸರು, ಮುಂದೆ ಒಂದೆರಡು ಪದ ಹಾಕಿದರೆ ಸಾಕು, ಮುತ್ತು ಪೋಣಿಸಿದಂಥ ಸಾಲು ಸಿದ್ಧ.

ಒಂದು ದಿನ ಒಬ್ಬ ತಂದೆ ಹುಡುಕಿಕೊಂಡು ಬಂದರು. “ನಮ್ಮ ಮಗಳು ಓದಿನಲ್ಲಿ ಹಿಂದಿರೋ ಗೆಳತಿಯರಿಗೆ ಕೂತು ಕಲಿಸ್ತಾಳೆ ಅಂತ ಬರೆದಿದ್ರಲ್ಲ ಮೇಡಂ, ಓದಿ ಅವಳಮ್ಮ ಅತ್ತೇಬಿಟ್ಲು. ಬಂದೋರಿಗೆಲ್ಲ ತೋರಿಸ್ತಿದಾಳೆ.”

ಆಕೆ ನಕ್ಕರು. ಹುಡುಗಿಯ ಮುಖವೇ ನೆನಪಾಗಲಿಲ್ಲ. ತಾನು ಹಾಕಿದ್ದು ‘ಮೌನ, ಒಳ್ಳೆಯವಳು’ ಎಂದಷ್ಟೇ. ಉಳಿದದ್ದೆಲ್ಲ ಯಂತ್ರ ಸೇರಿಸಿದ್ದು. ತಾನದನ್ನು ಓದದೆಯೇ ಕಳಿಸಿದ್ದು.

ತರಗತಿಗೆ ಹೋಗಿ ಹೆಸರು ಕೂಗಿ, ಕಿಟಕಿ ಪಕ್ಕ ಒಂಟಿಯಾಗಿ ಕೂತಿದ್ದವಳನ್ನು ಹೊರಗೆ ಕರೆದರು. “ಯಾರಿಗೆ ಹೇಳಿಕೊಡ್ತೀಯಮ್ಮ ನೀನು?”

“ಯಾರಿಗೂ ಇಲ್ಲ ಮಿಸ್. ನಂಗೆ ಗೆಳತಿಯರೇ ಇಲ್ಲ.” ಹುಡುಗಿ ಗಾಬರಿಯಿಂದ ತಲೆಯೆತ್ತಿದಳು. “ಅಮ್ಮಂಗೆ ಹೇಳ್ಬೇಡಿ ಮಿಸ್.”

ಉಗುಳುವಂತಿಲ್ಲ, ನುಂಗುವಂತಿಲ್ಲ. ಬರೆದದ್ದನ್ನೇ ನಿಜ ಮಾಡೋಣವೆಂದು ಲೆಕ್ಕದಲ್ಲಿ ಹಿಂದಿದ್ದ ಒಬ್ಬಳನ್ನು ಅವಳ ಪಕ್ಕ ಕೂರಿಸಿದರು. ತರಗತಿಯವರು ‘ಟೀಚರಮ್ಮ’ ಎಂದು ಅಣಕಿಸತೊಡಗಿದರು. ಪಕ್ಕದವಳು ಎದ್ದು ಹೋದಳು. ಅಂದಿನಿಂದ ಹುಡುಗಿ ಮೇಡಂ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಆಕೆ ಮುಖ್ಯೋಪಾಧ್ಯಾಯಿನಿಯ ಬಳಿ ಹೋದರು. “ಇನ್ಮುಂದೆ ನಾನೇ ಬರೀತೀನಿ.”

“ಬರೀರಿ, ಯಾರು ಬೇಡ ಅಂದ್ರು? ಐದೂ ತರಗತಿದು ಶುಕ್ರವಾರಕ್ಕೆ ಬೇಕು, ಅಷ್ಟೇ. ಅಂದ ಹಾಗೆ, ಹೊಸ ಶಿಕ್ಷಕರಿಗೆ ತರಬೇತಿ ನೀವೇ ಕೊಡ್ಬೇಕು. ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?”

ಒಪ್ಪಿಕೊಂಡರು. ಒಪ್ಪದೆ ಹೋಗುವುದೆಲ್ಲಿಗೆ? ಹೊಸಬರ ಮುಂದೆ ನಿಂತು ಹೇಳಿದರು: “ಮೊದ್ಲು ಮಗುವನ್ನ ನೋಡಿ. ನೀವು ಕಂಡದ್ದನ್ನ ಮಾತ್ರ ಯಂತ್ರಕ್ಕೆ ಕೊಡಿ. ಕಾಣದ್ದನ್ನ ಅದು ಸೇರಿಸಿದ್ರೆ ಅಳಿಸಿಬಿಡಿ.”

“ಅಷ್ಟು ಮಕ್ಕಳನ್ನ ನೋಡೋಕೆ ಪುರುಸೊತ್ತೆಲ್ಲಿ ಮೇಡಂ?” ಎಂದ ಒಬ್ಬ ತರುಣ. ಅವನೇನೂ ಉಡಾಫೆಯಿಂದ ಕೇಳಿರಲಿಲ್ಲ.

ಹಿಂದೆ ಕೂತಿದ್ದ ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿದರು. ಮೇಡಂ ಪರದೆಯತ್ತ ತಿರುಗಿ, “ಮುಂದಿನದಕ್ಕೆ ಹೋಗೋಣ” ಎಂದರು.