ನಡೆದು ಮಾಡಿದ ಕೀಲಿಕೈ

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವನು ‘ನಡೆಯೋ ಅಣ್ಣ’. ಉದ್ಯೋಗವೂ ಅದೇ. ಕೋಣೆಯ ಎರಡು ಮೂಲೆಗಳಲ್ಲಿ ಎರಡು ರೇಡಿಯೋ ಪೆಟ್ಟಿಗೆ; ಅವುಗಳ ನಡುವೆ ಅವನು ಹೋಗುತ್ತ ಬರುತ್ತ ಇರಬೇಕು. ರೇಡಿಯೋ ಅಲೆಗಳು ಗೋಡೆಗೆ, ಮೇಜಿಗೆ, ಅವನ ಮೈಗೆ ತಾಗಿ ಏರಿಳಿಯುತ್ತವೆ. ಎರಡೂ ಪೆಟ್ಟಿಗೆಗಳು ಆ ಏರಿಳಿತವನ್ನೇ ಅಳೆದು, ಒಂದಕ್ಕೊಂದು ಹೇಳಿಕೊಳ್ಳದೆಯೇ ಒಂದೇ ಗುಟ್ಟಿನ ಕೀಲಿಕೈ, ಎಂದರೆ ಸಂದೇಶಕ್ಕೆ ಬೀಗ ಹಾಕಿ ತೆಗೆಯುವ ಅಂಕಿಗಳ ಸಾಲು, ಮಾಡಿಕೊಳ್ಳುತ್ತವೆ. ಕೋಣೆಯಲ್ಲಿ ಏನೂ ಅಲುಗದಿದ್ದರೆ ಒಳ್ಳೆಯ ಕೀಲಿಕೈ ಹುಟ್ಟುವುದಿಲ್ಲ. ಹೀಗೆ ಹನ್ನೊಂದು ವರ್ಷ ಚಪ್ಪಲಿ ಸವೆಸಿದ ಪುಣ್ಯಾತ್ಮ ಅವನು.

“ಸುಮ್ನೆ ಓಡಾಡ್ಕೊಂಡು ಸಂಬಳ ತಗೊಳ್ಳೋರು ನೀವೊಬ್ರೇ,” ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಕಳೆದ ವರ್ಷ ಒಂದು ದಿನ ಅದನ್ನು ಕಣ್ಣಾರೆ ನೋಡಲು ತಾನೇ ಬಂದಳು. ಪರೀಕ್ಷೆಗೆ ಯಾರದಾದರೂ ಧ್ವನಿ ಬೇಕಿತ್ತು. ಎಂಜಿನಿಯರ್ ಮೇಡಂ ಮೈಕನ್ನು ಅವಳ ಕೈಗೇ ಕೊಟ್ಟರು. ಮೂರು ನಿಮಿಷ ಗಂಡನ ಮಾನ ಹರಾಜು ಹಾಕಿದಳು. ಕೊನೆಗೆ ದನಿ ತಗ್ಗಿಸಿ ಏನೋ ಅಂದಳು. ಆಚೆ ಮೂಲೆಯಲ್ಲಿ ಪೆಟ್ಟಿಗೆ ಸರಿಮಾಡುತ್ತಿದ್ದ ಅವನಿಗೆ ಅದು ಕೇಳಿಸಲಿಲ್ಲ. ಆಮೇಲೆ ಅವಳ ಕಣ್ಣೆದುರೇ ನಡೆದ, ಕೀಲಿಕೈ ಹುಟ್ಟಿತು, ಅದರಿಂದ ಅವಳ ಧ್ವನಿಗೆ ಬೀಗ ಬಿತ್ತು. ನಿಯಮದಂತೆ ಮೂಲ ಧ್ವನಿಯನ್ನು ಅಳಿಸಿ, ಬೀಗ ಬಿದ್ದ ಪ್ರತಿಯನ್ನಷ್ಟೇ ಉಳಿಸಿಕೊಂಡರು. ಸಂಜೆ ಅವನು ಎರಡೂ ಪೆಟ್ಟಿಗೆಗಳ ಕೀಲಿಕೈ ಅಳಿಸಿ ಮನೆಗೆ ಹೋದ. ಆ ಕೆಲಸದಲ್ಲಿ ಅವನು ಒಂದು ದಿನವೂ ಮೈಮರೆತವನಲ್ಲ.

ಎಂಟು ತಿಂಗಳಿಗೆ ಅವಳು ತೀರಿಕೊಂಡಳು. ಮನೆಯಲ್ಲಿ ಫೋಟೊಗಳಿದ್ದವು, ದನಿ ಎಲ್ಲೂ ಇರಲಿಲ್ಲ. ಇದ್ದದ್ದು ಪ್ರಯೋಗಾಲಯದ ಕಂಪ್ಯೂಟರಿನಲ್ಲಿ, ಬೀಗದೊಳಗೆ. ಅದರ ಕೀಲಿಕೈಯನ್ನು ಅವನೇ ಕೈಯಾರೆ ಅಳಿಸಿದ್ದ.

ಊಟದ ಬಿಡುವಿನಲ್ಲಿ ಅದೇ ಕೀಲಿಕೈಯನ್ನು ಮತ್ತೆ ಹುಟ್ಟಿಸಲು ಶುರುಮಾಡಿದ. ಹಳೆಯ ನಕ್ಷೆ ನೋಡಿ ಮೇಜು, ಬೀರು ಅಂದಿದ್ದ ಜಾಗಕ್ಕೇ ತಳ್ಳಿದ. ಅದೇ ಚಪ್ಪಲಿ ಮೆಟ್ಟಿಕೊಂಡು ಅದೇ ಹದಿನಾಲ್ಕು ಹೆಜ್ಜೆ ಹಾಕಿದ. ಪ್ರತಿ ಸಲವೂ ಕೀಲಿಕೈ ಹುಟ್ಟುತ್ತಿತ್ತು. ಬೀಗ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ವಾರವಿಡೀ ನೋಡಿಯೂ ನೋಡದಂತಿದ್ದ ಮೇಡಂ ಕೊನೆಗೆ ಒಳಗೆ ಬಂದರು.

“ಅಣ್ಣಾ, ಒಂದು ಬೆರಳಷ್ಟು ಆಚೀಚೆ ಆದ್ರೂ ಕೀಲಿಕೈ ಬೇರೆ ಆಗತ್ತೆ. ನಿಮಗೆ ಗೊತ್ತಿಲ್ವಾ?”

“ಗೊತ್ತು ಮೇಡಂ. ಹೊಸಬರಿಗೆ ನಾನೇ ಹೇಳ್ಕೊಡ್ತೀನಲ್ಲ.” ಅವನು ಗೋಡೆಗೆ ಒರಗಿ ನಿಂತ. ಏದುಸಿರು ಇನ್ನೂ ನಿಂತಿರಲಿಲ್ಲ. “ನನ್ನ ಹೆಜ್ಜೆ ಎಷ್ಟು ಸಲ ಬೇಕಾದ್ರೂ ಸರಿ ಮಾಡ್ಕೋತೀನಿ. ಆದ್ರೆ ಆವತ್ತು ನಾನು ನಡೆಯೋದು ನೋಡಿ ಅವಳು ಮೈ ಕುಣಿಸ್ಕೊಂಡು ನಗ್ತಿದ್ಲು. ಅದೂ ಆ ಕೀಲಿಕೈಲಿ ಸೇರಿದೆ ಮೇಡಂ. ಅದನ್ನ ಎಲ್ಲಿಂದ ತರ್ಲಿ?”