ಕಚ್ಚಾ ಹಾಳೆಯಲ್ಲಿ ಉಳಿದ ಮಾತು

ಹೋದ ವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಕಾರ್ಬನ್ ಕಾಗದದ ವಾಸನೆ ಬಂತು. ಮೂವತ್ತೈದು ವರ್ಷ ನನ್ನ ಬೆರಳಿಗೆ ಅಂಟಿಕೊಂಡಿದ್ದ ವಾಸನೆ ಅದು. ಟ್ರಂಕಿನ ತಳದಲ್ಲಿ ನನ್ನ ರಟ್ಟಿನ ಪ್ಯಾಡು ಇತ್ತು. ಕ್ಲಿಪ್ಪಿಗೆ ತುಕ್ಕು ಹಿಡಿದಿತ್ತು. ಹಿಂಬದಿಯ ಹಳದಿ ಸ್ಟಿಕರು ಅರ್ಧ ಕಿತ್ತುಹೋಗಿದ್ದರೂ ‘ಓಣಿಮಾತು’ ಎಂಬ ಹೆಸರು ಕಾಣುತ್ತಿತ್ತು. ಅದನ್ನು ಅಂಟಿಸಿದವಳು ಮ್ಯಾಲಿನಾಕಿ...

ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳನ್ನು ನಾನೂ ನನ್ನ ಹೆಂಡತಿಯೂ ಹಾಗೇ ಕರೆಯುತ್ತಿದ್ದೆವು. ತೇರದಾಳದ ಕಡೆಯ ಜೈನರ ಮನೆತನದವಳು, ವಯಸ್ಸು ಮೂವತ್ತರ ಆಸುಪಾಸು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ತಾಟು ತೊಳೆದಿಟ್ಟು, ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂಡುತ್ತಿದ್ದಳು. ಬನಹಟ್ಟಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನೌಕರಿ ಬಿಟ್ಟು ಜಮಖಂಡಿಗೆ ಬಂದದ್ದು ಒಂದು ಕಂಪನಿ ಕಟ್ಟುವುದಕ್ಕೆ.

‘ಓಣಿಮಾತು’ ಎಂಬ ಆ ಕಂಪನಿ ಏನು ಮಾಡುತ್ತದೆ ಎಂಬುದು ನನಗೆ ಮೊದಲು ತಿಳಿಯಲಿಲ್ಲ. ಏನನ್ನೂ ಮಾರುವುದಿಲ್ಲ ಎಂದಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನ ತಾವು ಉಂಡ ಖಾನಾವಳಿ, ತೋರಿಸಿಕೊಂಡ ದವಾಖಾನೆ, ಹೊಲಿಸಿದ ಟೇಲರು, ಎಲ್ಲದರ ಬಗ್ಗೆ ತಮಗೆ ಅನಿಸಿದ್ದನ್ನು ಮೊಬೈಲಿನಲ್ಲಿ ಬರೆಯಬೇಕು, ಐದರಲ್ಲಿ ಇಷ್ಟು ನಕ್ಷತ್ರ ಎಂದು ಕೊಡಬೇಕು, ಉಳಿದವರು ಓದಬೇಕು. ಅಷ್ಟೇ.

“ಕಟ್ಟಿ ಮ್ಯಾಲೆ ಕುಂತು ಮಂದಿ ದಿನಾ ಆಡೂ ಮಾತು ಗಾಳಿಗೆ ಹೊಕ್ಕಾವ ಕಾಕಾ,” ಎಂದಿದ್ದಳು. “ಅವನ್ನ ಒಂದು ಕಡೆ ಕೂಡಿಸಿಟ್ರ ಇನ್ನೊಬ್ಬಾಂವ ಮೋಸ ಹೋಗೂದಿಲ್ಲ.”

ಒಂದು ವರ್ಷದೊಳಗೆ ಅದು ಹಬ್ಬಿತು. ಸಾವಳಗಿಯ ಟ್ರ್ಯಾಕ್ಟರಿನವರು ಮೆಕ್ಯಾನಿಕನನ್ನು ಹುಡುಕಲು ಅದನ್ನು ನೋಡುತ್ತಿದ್ದರು. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ಕಾಲೇಜಿನ ಹುಡುಗಿಯರು ಅದನ್ನೇ ಓದಿ ನಗುತ್ತಿದ್ದರು. ಮಾಳಿಗೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿದರು. ಹುಬ್ಬಳ್ಳಿಯಿಂದ ಒಬ್ಬ ದೊಡ್ಡ ಮನುಷ್ಯ ಎರಡು ಸಲ ಬಂದು, ದುಡ್ಡು ನಾನು ಹಾಕುತ್ತೇನೆ, ಇದನ್ನು ಎಲ್ಲ ಜಿಲ್ಲೆಗೂ ಒಯ್ಯೋಣ ಎಂದು ಹೇಳಿ ಹೋದ. ಆ ದಿನ ಅವಳು ಮೆಟ್ಟಿಲ ಮೇಲೆ ನಿಂತು ಸುಮ್ಮನೆ ನಗುತ್ತಿದ್ದಳು... ಅವಳ ಆ ಮುಖ ನನಗೆ ಇನ್ನೂ ಹಾಗೇ ಕಾಣುತ್ತದೆ.

ಅವಳಿಗೊಂದು ಕೊರತೆ ಇತ್ತು. ಟೈಪು ಮಾಡುವವರೆಲ್ಲ ಹುಡುಗರು. ನಲವತ್ತು ವರ್ಷದ ಊರು ಬಲ್ಲವರಿಗೆ ಮೊಬೈಲಿನಲ್ಲಿ ಬರೆಯಲು ಬರುತ್ತಿರಲಿಲ್ಲ. ಹಿರಿಯರ ಹತ್ತಿರ ಹೋಗಿ ಕೇಳಿ, ಅವರ ಹೆಸರಿನಲ್ಲೇ ಬರೆದು ತರುವವರು ಬೇಕಾಗಿತ್ತು. ನಾನು ತಹಶೀಲ್ದಾರ್ ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವವನು. ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಅಕ್ಷರ ಮುದ್ದಾಗಿದ್ದವು.

“ನಿಮ್ಮಕಿಂತ ಛಲೋ ಯಾರು ಬರೀತಾರ್ರಿ? ಅವರು ಅಂದದ್ದು ಅಂದಂಗ ಬರೀರಿ, ಸಾಕು,” ಎಂದಳು.

ಅಂದದ್ದು ಅಂದಂತೆ... ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತಿತ್ತು.

ಅರ್ಜಿ ಬರೆಯುವವನಿಗೆ ಎರಡು ಹಾಳೆ. ಮೊದಲನೆಯದು ಕಚ್ಚಾ. ಬಂದವನು ಅತ್ತು, ಬೈದು, ಶಾಪ ಹಾಕಿ ಹೇಳಿದ್ದನ್ನು ಅದರಲ್ಲಿ ಗೀಚಿಕೊಳ್ಳುತ್ತೇವೆ. ಎರಡನೆಯದು ಪಕ್ಕಾ. ಅದರಲ್ಲಿ ಬೈಗುಳ ಹೋಗಿ ವಿನಂತಿ ಬರುತ್ತದೆ. ಸಾಹೇಬರ ಮುಂದೆ ಸಿಟ್ಟು ನಡೆಯುವುದಿಲ್ಲ, ಮೆತ್ತಗೆ ಕೇಳಿದವನ ಕೆಲಸ ಆಗುತ್ತದೆ. ಇದನ್ನು ನನಗೆ ಕಲಿಸಿದವರೂ ಅರ್ಜಿ ಬರೆಯುವವರೇ, ಮತ್ತು ಅದು ಸುಳ್ಳಲ್ಲ. ಆದರೆ ‘ಓಣಿಮಾತು’ ಓದುವವರು ಸಾಹೇಬರಲ್ಲ. ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂದು ತಿಳಿಯಬೇಕಾಗಿದ್ದ ನಮ್ಮಂಥವರೇ. ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ.

ಬೆಲ್ಲದ ವ್ಯಾಪಾರಿಯೊಬ್ಬ ಒಂದು ಹೋಟೆಲಿನ ಬಗ್ಗೆ, “ಆ ಚಾ ಕುಡಿಯೂಕಿಂತ ಎಮ್ಮಿ ಮೈ ತೊಳದ ನೀರು ಛಲೋ,” ಎಂದ. ಕಚ್ಚಾ ಹಾಳೆಯಲ್ಲಿ ಹಾಗೇ ಗೀಚಿದೆ. ಪಕ್ಕಾದಲ್ಲಿ ‘ಚಹಾದ ಗುಣಮಟ್ಟ ಸುಧಾರಿಸಿದಲ್ಲಿ ಗ್ರಾಹಕರಿಗೆ ಅನುಕೂಲವಾಗುವುದು’ ಎಂದು ಬರೆದೆ. ನಕ್ಷತ್ರಗಳನ್ನೂ ನಾನೇ ತುಂಬುತ್ತಿದ್ದೆ, ಎಲ್ಲರಿಗೂ ನಾಲ್ಕು. ಕಡಿಮೆ ಕೊಟ್ಟರೆ ಒಬ್ಬರ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ನನ್ನ ಲೆಕ್ಕಾಚಾರ. ನನ್ನ ಹೆಂಡತಿ ಎರಡೂ ಹಾಳೆ ನೋಡಿ, “ನಿಮ್ಮ ಕೈಯಾಗ ಬೈಗುಳಾನೂ ಮಂಗಳಾರತಿ ಆಗತೈತಿ ನೋಡ್ರಿ,” ಎಂದು ನಕ್ಕಿದ್ದಳು. ನಾನದನ್ನು ಹೊಗಳಿಕೆ ಎಂದೇ ತಿಳಿದೆ.

ಒಮ್ಮೆ ಮ್ಯಾಲಿನಾಕಿಯೂ ನಗುತ್ತ ಇಳಿದು ಬಂದಳು. “ಕಾಕಾ, ಹುಡುಗ್ರು ಏನ್ ಬರದಾರ ಕೇಳ್ರಿ. ನಮ್ಮ ಹಿರ್ಯಾರೆಲ್ಲಾ ತಹಶೀಲ್ದಾರಗ ಅರ್ಜಿ ಕೊಟ್ಟಂಗ ಮಾತಾಡ್ತಾರಂತ!” ನಾನೂ ನಕ್ಕೆ. ಆಗಲಾದರೂ ಹೇಳಬೇಕಿತ್ತು.

ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಒಬ್ಬ ಹೆಂಗಸಿದ್ದಳು. ಓದುಬರಹ ಬಾರದು. ರೊಟ್ಟಿ ಆಯಿ ಎಂದೇ ಎಲ್ಲರೂ ಕರೆಯುತ್ತಿದ್ದರು. ನಾನು ಪ್ಯಾಡು ಹಿಡಿದು ಹೋದಾಗ ಒಂದು ಮಂಗಲ ಕಾರ್ಯಾಲಯದ ಬಗ್ಗೆ ಹೇಳಿದಳು. ಮಗಳ ಮದುವೆಯಲ್ಲಿ ಊಟದ ಹೊತ್ತಿಗೆ ಅಲ್ಲಿ ನೀರು ನಿಂತುಹೋಗಿತ್ತು, ಬೀಗರು ಸಿಟ್ಟಿನಿಂದ ಎದ್ದು ಹೋಗಿದ್ದರು. ಹೇಳುವಾಗ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ನಾನು ಕಚ್ಚಾದಲ್ಲಿ ಎಲ್ಲವನ್ನೂ ಗೀಚಿದೆ. ಮನೆಗೆ ಬಂದು, ‘ವಿಶಾಲವಾದ ಕಾರ್ಯಾಲಯ. ನೀರಿನ ವ್ಯವಸ್ಥೆಯತ್ತ ಇನ್ನಷ್ಟು ಗಮನ ಹರಿಸಿದರೆ ಉತ್ತಮ’ ಎಂದು ಪಕ್ಕಾ ಮಾಡಿದೆ. ನಾಲ್ಕು ನಕ್ಷತ್ರ. ಕೆಳಗೆ ಆಕೆಯ ಹೆಸರು.

ಮುಂದಿನ ಲಗ್ನಸರಾಯಿಯ ಹಂಗಾಮಿನಲ್ಲಿ ಬೀಳಗಿ ಕಡೆಯ ಮಾಸ್ತರರೊಬ್ಬರು ಅದನ್ನು ಓದಿ, ನಂಬಿ, ಅದೇ ಕಾರ್ಯಾಲಯ ಹಿಡಿದರು. ಅವರ ಮಗಳ ಮದುವೆಯಲ್ಲೂ ಅದೇ ಆಯಿತು. ಮೂರನೆಯ ದಿನ ಅವರು ನಮ್ಮ ಮೆಟ್ಟಿಲು ಹತ್ತಿ ಬಂದರು. ಒದರಾಡಲಿಲ್ಲ. ಮೊಬೈಲನ್ನು ಮ್ಯಾಲಿನಾಕಿಯ ಮುಂದೆ ಹಿಡಿದು ಹೇಳಿದರು: “ನೀರಿಲ್ಲದ ಕಾರ್ಯಾಲಯಕ್ಕ ನಾಕು ನಕ್ಷತ್ರ ಕೊಟ್ಟೀರೆಲ್ರಿ. ನಕ್ಷತ್ರ ನೋಡಕೋತ ಕೈ ತೊಳಕೋಬೇಕಿತ್ತೇನ್ರಿ ನಮ್ಮ ಬೀಗರು?”

ಅವಳು ನನ್ನನ್ನು ಮೇಲಕ್ಕೆ ಕರೆದಳು. ನಾನು ಕಚೇರಿಗೆ ಹೊರಟಿದ್ದವನು ಪ್ಯಾಡು ಹಿಡಿದುಕೊಂಡೇ ಹತ್ತಿದೆ.

“ಕಾಕಾ, ರೊಟ್ಟಿ ಆಯಿ ನೀರಿನ ಮಾತು ಇನ್ನೇನರ ಅಂದಿದ್ರೇನ್ರಿ? ನೆನಪ ಮಾಡ್ಕೋರಿ.”

ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಆ ಕಚ್ಚಾ ಹಾಳೆ ನನ್ನ ಕೈಯಲ್ಲಿದ್ದ ಪ್ಯಾಡಿನಲ್ಲೇ, ಬೇರೆ ಹಾಳೆಗಳ ಕೆಳಗೆ ಇತ್ತು. ತೆಗೆದು ತೋರಿಸಿದ್ದರೆ ತಪ್ಪು ನನ್ನ ಮೇಲೆ ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಕಾರ್ಯಾಲಯದ ಮಾಲಕನಿಗೆ ನಾನು ಅಂಜಲಿಲ್ಲ, ಇದನ್ನು ಖರೆ ಹೇಳುತ್ತೇನೆ. ಮೂವತ್ತೈದು ವರ್ಷದಲ್ಲಿ ಯಾರೂ ನನಗೆ ‘ನೀನು ತಪ್ಪು ಬರೆದೆ’ ಎಂದಿರಲಿಲ್ಲ. ಒಬ್ಬ ಮಾಸ್ತರರ ಮುಂದೆ, ನನ್ನನ್ನು ಕಾಕಾ ಎನ್ನುವ ಹುಡುಗಿಯ ಮುಂದೆ ಆ ಮಾತು ಕೇಳಿಸಿಕೊಳ್ಳುವುದು ನನ್ನಿಂದಾಗಲಿಲ್ಲ.

“ಇಲ್ಲವಾ,” ಎಂದೆ. “ಬರದಷ್ಟ ಅಂದಿದ್ಲು.”

ಅವಳು ನಂಬಿದಳು. ಅಂದೇ ‘ಓಣಿಮಾತಿ’ನಲ್ಲಿ, ಅಭಿಪ್ರಾಯ ಕೊಟ್ಟವರು ನಡೆದದ್ದನ್ನು ನಮಗೆ ಪೂರ್ತಿ ತಿಳಿಸಿರಲಿಲ್ಲ ಎಂದು ಹಾಕಿದಳು. ಮಾಸ್ತರರು ತಮ್ಮ ಕಥೆ ಬರೆದರು. ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು ತಾವೂ ಮೋಸ ಹೋದದ್ದನ್ನು ಬರೆದರು. ಹಿರಿಯರ ಹೆಸರಿನಲ್ಲಿ ಬಂದ ಮಾತೆಲ್ಲ ಒಂದೇ ಕೈಯದು ಎಂದು ಹುಡುಗರು ಸಾಲು ಸಾಲು ಎತ್ತಿ ತೋರಿಸಿದರು. ಕಂಪನಿಯವಳು ಅಂಗಡಿಯವರ ಜೊತೆ ಒಳಗೊಳಗೇ ಮಾತಾಡಿಕೊಂಡು ತಾನೇ ಬರೆಯುತ್ತಾಳೆ ಎಂದರು. ಅವಳು ಎಲ್ಲರಿಗೂ ಉತ್ತರ ಬರೆದಳು, ಬರೆದಷ್ಟೂ ಹೆಚ್ಚು ಬೈಸಿಕೊಂಡಳು. ಓದುವವರು ಕಡಿಮೆಯಾದರು, ಬರೆಯುವವರು ನಿಂತೇಹೋದರು. ಹುಬ್ಬಳ್ಳಿಯವನು ಫೋನು ಎತ್ತಲಿಲ್ಲ. ಆ ಇಬ್ಬರು ಹೆಣ್ಣುಮಕ್ಕಳೂ ಬೇರೆ ಕೆಲಸ ನೋಡಿಕೊಂಡರು. ಮಳೆಗಾಲ ಮುಗಿಯುವುದರೊಳಗೆ ಅವಳು ಅದನ್ನು ಮುಚ್ಚಿದಳು.

ಹೊರಡುವ ದಿನ ಕೀಲಿ ಕೊಡಲು ಬಂದಾಗ ಬಹಳ ಸಣ್ಣಗಾಗಿದ್ದಳು. ಸಾಂಗಲಿಯಲ್ಲಿ ಅಕ್ಕನ ಮನೆ ಇತ್ತು, ಅಲ್ಲಿಗೆ ಹೋಗುವವಳು. ನನ್ನ ಹೆಂಡತಿ ಕೊಟ್ಟ ಚಹಾ ಆರುವ ತನಕ ಹಿಡಿದುಕೊಂಡೇ ಕುಳಿತಿದ್ದಳು.

“ನಮ್ಮ ಮಂದಿ ಕಟ್ಟಿ ಮ್ಯಾಲೆ ಕುಂತು ಬೈತಾರ, ಬರೀರಿ ಅಂದ್ರ ಹೊಗಳ್ತಾರ,” ಎಂದಳು. “ಮಂದೀನ್ನ ನಾನು ತಿಳ್ಕೊಳ್ಳಿಲ್ಲ ಕಾಕಾ. ತಪ್ಪು ನಂದು.”

ನಾನು ಅವಳ ಚೀಲವನ್ನು ರಿಕ್ಷಾದವರೆಗೆ ಎತ್ತಿಕೊಂಡು ಹೋದೆ. ನಾನು ಮಾಡಿದ್ದು ಅಷ್ಟೇ.

ಅದಾದ ಮೇಲೆ ಒಂದು ದಿನ ರೊಟ್ಟಿ ತರಲು ಹೋದೆ. ಅಷ್ಟರಲ್ಲಿ ಇಡೀ ಓಣಿ ರೊಟ್ಟಿ ಆಯಿಗೆ, ನೀರಿನ ಮಾತು ಮುಚ್ಚಿಟ್ಟಿ, ನಾಕು ನಕ್ಷತ್ರ ಕೊಟ್ಟಿ ಎಂದು ಆಡಿ ತೋರಿಸಿತ್ತು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: “ನನಗ ಓದಾಕ ಬರೂದಿಲ್ರಿ. ಹಂಗಂತ ಹೇಳಾಕೂ ಬರೂದಿಲ್ಲ ಅಂತ ತಿಳಿದ್ರೇನ್ರಿ?” ನಾನು ದುಡ್ಡು ಎಣಿಸಿ ಆಕೆಯ ಮುಂದಿಟ್ಟೆ. ಆಕೆ ರೊಟ್ಟಿ ಕಟ್ಟಿ ಕೊಟ್ಟಳು. ಮತ್ತೆ ನಾನು ಆ ಓಣಿಗೆ ಹೋಗಲಿಲ್ಲ...

ಈಗ ಏಳೆಂಟು ವರ್ಷವಾಯಿತು. ರೊಟ್ಟಿ ಆಯಿ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಮಾಳಿಗೆಯಲ್ಲಿ ಈಗ ಬ್ಯಾಂಕಿನವರೊಬ್ಬರು ಇದ್ದಾರೆ. ಮ್ಯಾಲಿನಾಕಿಯ ಹಳೆಯ ನಂಬರು ಹತ್ತುವುದಿಲ್ಲ. ಸಾಂಗಲಿಯ ಅಕ್ಕನ ವಿಳಾಸ ನನ್ನ ಹೆಂಡತಿಯ ಹತ್ತಿರ ಇತ್ತು. ಅದಕ್ಕೆ ಕಾಗದ ಬರೆಯಲು ಈ ವಾರ ಮೂರು ಸಲ ಕುಳಿತೆ. ಮೂರು ಸಲವೂ ಕೈ ತಾನಾಗಿಯೇ ‘ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬರೆಯಿತು. ಮೂರನ್ನೂ ಹರಿದು ಹಾಕಿದೆ. ತಪ್ಪು ನಿಂದಲ್ಲ ತಂಗಿ, ಮಂದಿಯದೂ ಅಲ್ಲ. ಮಂದಿ ಹೇಳಿದ್ದರು. ಇದಿಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ರೊಟ್ಟಿ ಆಯಿಯ ಆ ಕಚ್ಚಾ ಹಾಳೆ ಪ್ಯಾಡಿನ ಕ್ಲಿಪ್ಪಿನಲ್ಲಿ ಹಾಗೇ ಇತ್ತು. ತುಕ್ಕಿನ ಗುರುತು ಬಿದ್ದಿದೆ, ಅಕ್ಷರ ಅಳಿಸಿಲ್ಲ. ಆಕೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಒಮ್ಮೆ ಕೆಡಿಸಿದ ಹೆಸರನ್ನು ಇನ್ನೊಮ್ಮೆ ಬಳಸುವ ಹಕ್ಕು ನನಗಿಲ್ಲ. ಉಳಿದದ್ದನ್ನು ಪಕ್ಕಾ ಮಾಡದೆ, ಇದ್ದದ್ದು ಇದ್ದಂತೆ ಇಳಿಸುತ್ತೇನೆ:

“ಆ ಕಾರ್ಯಾಲಯಕ್ಕ ಯಾರೂ ಹೋಗಬ್ಯಾಡ್ರಿ. ಉಣ್ಣೂ ಹೊತ್ತಿಗೆ ನೀರ ಹೋದ್ವು. ಕೇಳಾಕ ಹೋದ್ರ ಮಾಲಕ ಬಾಗಲಾ ಹಾಕ್ಕೊಂಡ. ಬೀಗರು ಎಂಜಲ ಕೈಲೆ ಎದ್ದು ಹೋದ್ರು. ಮೂರು ವರ್ಷಾತು, ನನ್ನ ಮಗಳು ಯಾರಿಗರ ನೀರ ಕೊಟ್ರ ಇನ್ನೂ ಅವರ ಮನ್ಯಾಗ ನಗತಾರ, ನಿಮ್ಮವ್ವನ ಕಡೆ ಇವತ್ತರ ನೀರ ಬಂದಾವೇನು ಅಂತ. ಬರ್ಕೋರಿ ಸಾಹೇಬ್ರ. ನನ್ನ ಹೆಸರ ಹಾಕೇ ಬರೀರಿ. ನನಗೇನು ಅಂಜಿಕಿಲ್ಲ.”