ಒಂದು ನಂಬರ್ ದೊಡ್ಡದೇ ಕೊಡಿ

ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅಳೆದುಬಿಡುವುದು ನನ್ನ ಕಸುಬು. ಬಸ್ ಕಂಡಕ್ಟರರೊಬ್ಬರನ್ನು ಮೊದಲ ಸಲ ಕಂಡಾಗ ನನ್ನ ಅಂದಾಜು ಹೀಗಿತ್ತು: ಅಂಗಿ ಹಳೆಯದು, ಇಸ್ತ್ರಿ ಹೊಸದು, ಪಾದ ಅಗಲ, ಹಿಮ್ಮಡಿ ಸವೆದದ್ದು. ಕಪಾಟಿನ ಅರ್ಧ ಶೂ ಕೆಳಗಿಳಿಸುತ್ತಾರೆ, ನನ್ನ ಟೀ ಕುಡಿಯುತ್ತಾರೆ, ಕೊನೆಗೆ ಒಂದು ಜೊತೆ ಲೇಸು ಕೊಂಡು ಎದ್ದುಹೋಗುತ್ತಾರೆ. ಹಾಗೆಯೇ ಆಯಿತು. ಪ್ರತಿ ವರ್ಷವೂ ಬರುತ್ತಾರೆಂಬುದೊಂದು ಮಾತ್ರ ನನ್ನ ಅಂದಾಜಿಗೆ ಸಿಕ್ಕಿರಲಿಲ್ಲ.

ನಮ್ಮದು ಪ್ರವಾಸಿಗರ ಊರು. ವರ್ಷಕ್ಕೊಮ್ಮೆ ನಮ್ಮ ಬೀದಿಯ ತುದಿಯ ಸಭಾಂಗಣದಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಸಮ್ಮೇಳನ ನಡೆಸುತ್ತಾರೆ. ಹಸಿರು ಮುಖದವರು, ತಲೆಗೆ ತಂತಿ ಸುತ್ತಿಕೊಂಡವರು, ಬಾಲವಿರುವವರು ಎಲ್ಲರೂ ನನ್ನ ಅಂಗಡಿ ಮುಂದೆಯೇ ಹಾಯ್ದು ಹೋಗಬೇಕು. ನಾಲ್ಕು ಕಾಲಿನವರು ಯಾರಾದರೂ ಬರಲಿ ಎಂಬುದು ನನ್ನ ಬಹುದಿನದ ಆಸೆ.

ಕಂಡಕ್ಟರರು ನೌಕರಿಯಲ್ಲಿದ್ದಾಗಲೂ ವರ್ಷದ ರಜೆಯನ್ನು ಇದಕ್ಕೇ ಮೀಸಲಿಟ್ಟವರು. ವೇಷ ಹಾಕುವುದಿಲ್ಲ. "ಇಷ್ಟು ವರ್ಷ ಖಾಕಿ ಹಾಕಿದ್ದೇ ಸಾಕು" ಎನ್ನುತ್ತಾರೆ. ಆದರೆ ಕೊನೆಯ ದಿನದ ವೇಷಗಳ ಮೆರವಣಿಗೆಯೆಂದರೆ ಪ್ರಾಣ. ಮೊದಲ ಸಾಲಿನ ಮೂಲೆಯ ಕುರ್ಚಿಯನ್ನು ಒಂದು ವರ್ಷವೂ ಬಿಟ್ಟುಕೊಟ್ಟವರಲ್ಲ.

ಹೊಸಬರಿಗೆ ನನ್ನ ಬೆಂಚಿನ ಮೇಲೆ ಕುಳಿತೇ ಪುಕ್ಕಟೆ ಉಪದೇಶ.

"ಶೂ ಒಂದು ನಂಬರ್ ದೊಡ್ಡದೇ ತಗೊಳ್ಳಿ, ಮಧ್ಯಾಹ್ನಕ್ಕೆ ಪಾದ ಊದ್ಕೊಳ್ಳುತ್ತೆ. ಹೊಟ್ಟೆ ತುಂಬಿಸ್ಕೊಂಡು ಹೋಗಿ. ಒಳಗೆ ತಿಂಡಿ ರೇಟು ಕೇಳಿದ್ರೆ ಹಸಿವೇ ಓಡಿಹೋಗುತ್ತೆ. ಎಲ್ಲಾ ನೋಡ್ತೀನಿ ಅಂತ ಹೊರಟೋರು ಏನೂ ನೋಡಲ್ಲ, ಎರಡೋ ಮೂರೋ ಆರಿಸ್ಕೊಳ್ಳಿ. ಇನ್ನೊಬ್ಬರ ರೆಕ್ಕೆ ಮುಟ್ಟೋ ಮುಂಚೆ ಕೇಳಿ. ಕೂರೋಕಾಗದ ವೇಷ ಹಾಕ್ಲೇಬೇಡಿ. ಆಮೇಲೆ, ಶೂ ಮಾತ್ರ ಈ ಬೀದೀಲಿ ತಗೋಬೇಡಿ. ಸಮ್ಮೇಳನದ ದಿನಗಳಲ್ಲಿ ಇಲ್ಲಿ ರೇಟು ಜಾಸ್ತಿ."

ಇದನ್ನೆಲ್ಲ ಕಿವಿಗೊಟ್ಟು ಕೇಳಿದವಳು ನನ್ನ ಹೆಂಡತಿ. ಗಲ್ಲಾ ಹಿಂದೆ ಕುಳಿತು ಅವಳು ಓದದ ಬಾಹ್ಯಾಕಾಶದ ಕಥೆಯಿಲ್ಲ. ಸಭಾಂಗಣ ಕೂಗಳತೆಯಲ್ಲಿದ್ದರೂ ಒಮ್ಮೆಯೂ ಒಳಗೆ ಹೋದವಳಲ್ಲ. ನಮಗೆ ವ್ಯಾಪಾರ ಕುದುರುವುದೇ ಆಗ. ಈ ವರ್ಷ ಹೇಳಿಯೇಬಿಟ್ಟಳು:

"ರೀ, ಕೊನೇ ದಿನ ನಾನು ಅಂಗಡೀಲಿ ಇರಲ್ಲ. ಮೆರವಣಿಗೇಲಿ ಇರ್ತೀನಿ. ಬಳೆ ತೊಟ್ಟ ಗ್ರಹ ಇದೆಯಲ್ಲ, ಆ ವೇಷ."

"ಗ್ರಹ ಅಂತೆ. ನನ್ನ ಗ್ರಹಚಾರ."

"ಅದು ಮದುವೆ ದಿನಾನೇ ಶುರುವಾಯ್ತಲ್ಲ, ಈಗ್ಯಾಕೆ ಗೊಣಗ್ತೀರಿ?"

ಹಿಂದಿನ ಕೋಣೆಯಲ್ಲಿ ಶೂ ಡಬ್ಬಿಗಳ ರಟ್ಟು ಜೋಡಿಸಿ, ಬೆಳ್ಳಿ ಕಾಗದ ಅಂಟಿಸಿ, ಸೊಂಟದ ಸುತ್ತ ದೊಡ್ಡ ಬಳೆ ಕಟ್ಟಿದಳು. ಎರಡು ಹೆಗಲಿಂದ ಪಟ್ಟಿ ಇಳಿಬಿಟ್ಟು ಅದನ್ನು ತೂಗುಹಾಕಿದಳು. ಕಂಡಕ್ಟರರ ಮಾತು ನೆನೆದು ಕೂತು ನೋಡಿದಳು, ಎದ್ದು ನೋಡಿದಳು. ಮೈ ಅಳೆದಳು, ರಟ್ಟು ಅಳೆದಳು. ಬಾಗಿಲು ಅಳೆಯಲಿಲ್ಲ.

ಕೊನೆಯ ದಿನ ಗ್ರಹ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೆ ಸರಿದು ನೋಡಿದಳು, ನುಗ್ಗಿ ನೋಡಿದಳು. ಮಡಚಿದರೆ ರಟ್ಟು ಮುರಿಯುತ್ತದೆ. ಮೆರವಣಿಗೆಗೆ ಹೆಸರು ಕೂಗುವ ಹೊತ್ತು.

"ಬಿಡಿ. ಗಲ್ಲಾದಲ್ಲೇ ಕೂರ್ತೀನಿ" ಎಂದಳು, ಮೆತ್ತಗೆ. ನನ್ನ ಹೆಂಡತಿ ಮೆತ್ತಗೆ ಮಾತಾಡುವವಳೇ ಅಲ್ಲ.

ಆಗ ಸಭಾಂಗಣಕ್ಕೆ ಹೊರಟಿದ್ದ ಕಂಡಕ್ಟರರು ಇಣುಕಿದರು. "ತಂಗೀ, ಬಸ್ಸಿನ ಬಾಗಿಲಲ್ಲಿ ಮಂಚ ಹತ್ತಿಸಿದೋನು ನಾನು. ಸಾಹುಕಾರ್ರೇ, ಉದ್ದದ ಲೇಸು ತೆಗೀರಿ."

ಒಂದು ಹೆಗಲಿನ ಪಟ್ಟಿ ಬಿಚ್ಚಿ, ಅದಕ್ಕೆ ಲೇಸು ಸೇರಿಸಿ ಉದ್ದ ಮಾಡಿದರು. ಬಳೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಮೊಣಕಾಲ ಹತ್ತಿರ. ಗ್ರಹ ಸಲೀಸಾಗಿ ಬೀದಿಗಿಳಿಯಿತು.

"ಈಗ ನೆಟ್ಟಗೆ ಮಾಡ್ಲಾ ಅಣ್ಣಾ?"

"ಹಂಗೇ ಇರ್ಲಿ. ಆಕಾಶದಲ್ಲೂ ಅದು ಓರೆಯಾಗೇ ಇರೋದು."

ಅವಳು ತಿರುಗಿ ನನ್ನನ್ನು ನೋಡಿದಳು. ಅಂಗಡಿ ತುಂಬ ಗಿರಾಕಿಗಳು. ಅಷ್ಟರಲ್ಲಿ ಕಂಡಕ್ಟರರು ನನ್ನ ಸ್ಟೂಲಿನ ಮೇಲೆ ಕುಳಿತಿದ್ದರು.

"ಹೋಗಿ ಸಾಹುಕಾರ್ರೇ. ಮೂಲೆ ಕುರ್ಚಿ ನನ್ನದು ಅಂತ ಹೇಳಿ, ಬಿಡ್ತಾರೆ."

"ಮತ್ತೆ ನೀವು?"

"ನಾನು ಬೇಕಾದಷ್ಟು ಗ್ರಹ ನೋಡಿದೀನಿ. ನೀವು ನಿಮ್ಮನೇದು ನೋಡಿ. ರೈಟ್, ರೈಟ್."

ದೀಪಗಳ ಕೆಳಗೆ ಅವಳು ನಿಧಾನವಾಗಿ ಸುತ್ತು ಹಾಕಿದಳು. ಬಳೆಯ ಅಡಿಯಲ್ಲಿ ನಮ್ಮ ಡಬ್ಬಿಗಳ ನಂಬರುಗಳು ಕಾಣುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು. ಮೂಲೆಯ ಕುರ್ಚಿಯಲ್ಲಿ ನನ್ನನ್ನು ಕಂಡವಳೇ ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿದಳು. ಬಹುಮಾನ, ಕೂರಲಾಗದ ರೆಕ್ಕೆಯವನೊಬ್ಬನ ಪಾಲಾಯಿತು. ಅದನ್ನೂ ಅವನು ನಿಂತೇ ಪಡೆದ.

ನಾವು ಮರಳಿದಾಗ ಕಪಾಟಿನಲ್ಲಿ ಸಣ್ಣ ಸೈಜುಗಳಷ್ಟೇ ಉಳಿದಿದ್ದವು.

"ಎಲ್ಲರಿಗೂ ಒಂದು ನಂಬರ್ ದೊಡ್ಡದೇ ಕೊಟ್ಟೆ."

"ರೇಟು?"

"ಮಾಮೂಲಿದು."

ಬಳೆ ಈಗ ಅಂಗಡಿಯ ಗೋಡೆಯ ಮೇಲಿದೆ, ಓರೆಯಾಗಿಯೇ.

ಕಂಡಕ್ಟರರು ಈ ವರ್ಷದ ಮೆರವಣಿಗೆ ನೋಡಲಿಲ್ಲ. ಅವರ ಕುರ್ಚಿಯಲ್ಲಿ ಕುಳಿತು ನಾನು ನೋಡಿದೆ. ಆ ಒಂದು ಮಧ್ಯಾಹ್ನದ ಬಾಕಿ ನಾನು ಅವರಿಗೆ ಕೊಡಬೇಕು.